ಬಸುರಿಯರ ಗರಡಿಮನೆ

ಕಪ್ಪತಗುಡ್ಡದ ಮೇಲಿನ ಗಾಳಿಯಂತ್ರಗಳ ರೆಕ್ಕೆಗೆ ಮೊದಲ ಬಿಸಿಲು ತಾಗುವ ಹೊತ್ತಿಗೆ ಗುಡ್ಡದ ಬುಡದ ಡೋಣಿ ಎಂಬ ಹಳ್ಳಿಯ ಸಮುದಾಯ ಭವನದ ಬಾಗಿಲು ತೆರೆದಿದೆ. ಸ್ಕೂಟರನ್ನು ಬೇವಿನ ಮರದಡಿ ನಿಲ್ಲಿಸಿ ಬಂದ ಸಬೀನಾ ಚಪ್ಪಲಿ ಬಿಟ್ಟವರೇ ಪೊರಕೆ ಹಿಡಿಯುತ್ತಾರೆ. ಕಸ ಹೊಡೆದು, ಕೌದಿ ಹಾಸಿ, ಗೋಡೆಗುಂಟ ಉದ್ದನೆಯ ಹತ್ತಿದಿಂಬುಗಳನ್ನು ಜೋಡಿಸುವಷ್ಟರಲ್ಲಿ ಹೆಂಗಸರು ಬರತೊಡಗುತ್ತಾರೆ. ಐದು ತಿಂಗಳ ಬಸುರಿ, ಏಳು ತಿಂಗಳ ಬಸುರಿ, ಇವತ್ತೋ ನಾಳೆಯೋ ಎನ್ನುವಂತೆ ದಿನ ತುಂಬಿದವರು. ಮನೆಯಲ್ಲಿ ರೊಟ್ಟಿ ಬಡಿಯುವ ಮುನ್ನ, ಹೊಲಕ್ಕೆ ಹೋಗುವವರಿಗೆ ಬುತ್ತಿ ಕಟ್ಟುವ ಮುನ್ನ ಸಿಗುವ ಒಂದು ತಾಸು ಇವರದು.

"ಮಲಗಿದಾಕಿ ಸೀದಾ ಎದ್ದು ಕುಂಡ್ರಬ್ಯಾಡ್ರಿ. ಮೊದ್ಲ ಮಗ್ಗಲಕ್ಕ ಹೊಳ್ರಿ, ಎರಡೂ ಮೊಣಕಾಲ ಕೂಡಿಸ್ರಿ, ಆಮ್ಯಾಲ ಕೈ ಊರಿ ಏಳ್ರಿ. ಅಷ್ಟ ಜಲ್ದಿ ಏನೈತಿ, ಎಮ್ಮಿ ಎಲ್ಲೂ ಓಡಿ ಹೋಗಂಗಿಲ್ಲ," ಎನ್ನುತ್ತಾರೆ ಸಬೀನಾ. ಹೆಂಗಸರು ನಗುತ್ತಾರೆ. ನಗುತ್ತಲೇ ಮಗ್ಗುಲಾಗುತ್ತಾರೆ, ಕೈ ಊರುತ್ತಾರೆ, ಏಳುತ್ತಾರೆ.

ಬಾಗಿಲಲ್ಲಿ ಒಬ್ಬ ಹಿರಿಯ ಹೆಂಗಸು ಸೆರಗು ಸೊಂಟಕ್ಕೆ ಸಿಕ್ಕಿಸಿ ನಿಂತಿದ್ದಾರೆ. ತಡವಾಗಿ ಬಂದವರನ್ನು ಗದರಿಸುವುದು, ಬಾರದವರ ಮನೆಗೆ ಹೋಗಿ ಬಾಗಿಲು ಬಡಿಯುವುದು ಅವರ ಕೆಲಸ. ಯಾರೂ ಒಪ್ಪಿಸಿದ್ದಲ್ಲ, ತಾವೇ ಹೊತ್ತುಕೊಂಡದ್ದು. ಅವರ ಹೆಸರು ಮಾಳವ್ವ. ಎರಡು ವರ್ಷದ ಹಿಂದೆ ಇದೇ ಬಾಗಿಲಲ್ಲಿ ನಿಂತು ಇದೇ ತರಗತಿಯನ್ನು ಬಂದ್ ಮಾಡಿಸುತ್ತೇನೆ ಎಂದಿದ್ದವರೂ ಇವರೇ.

ಸಬೀನಾ ಫಿಜಿಯೋಥೆರಪಿಸ್ಟ್. ಮಂಡಿ ನೋವಿಗೆ, ಕುತ್ತಿಗೆ ನೋವಿಗೆ, ಪಾರ್ಶ್ವವಾಯು ಹೊಡೆದವರಿಗೆ ವ್ಯಾಯಾಮ ಮಾಡಿಸುವವರು ಎಂದಷ್ಟೇ ನಮ್ಮ ಕಡೆ ಈ ವೃತ್ತಿಯವರ ಬಗ್ಗೆ ಜನರಿಗೆ ಗೊತ್ತು. ಆದರೆ ಸಬೀನಾ ನೋಡುವುದು ಬಸುರಿಯರನ್ನು ಮತ್ತು ಬಾಣಂತಿಯರನ್ನು. ದಿನವೂ ಹತ್ತು ಗಂಟೆಯಿಂದ ಗದಗಿನ ಮಗ್ಗುಲ ಬೆಟಗೇರಿಯ ಒಂದು ಹೆರಿಗೆ ಆಸ್ಪತ್ರೆಯಲ್ಲಿ, ವಾರದಲ್ಲಿ ಎರಡು ಮೂರು ದಿನ ಅದಕ್ಕೂ ಮೊದಲು, ಬೆಳಕು ಹರಿಯುವ ಮುಂಚೆ ಮನೆ ಬಿಟ್ಟು ಡೋಣಿಗೋ ಹಿರೇವಡ್ಡಟ್ಟಿಗೋ. ಗಂಡ ಅಯ್ಯೂಬ ಬೆಟಗೇರಿಯಲ್ಲಿ ಮಗ್ಗ ನಡೆಸುತ್ತಾರೆ. ಹೆಂಡತಿ ಹಳ್ಳಿಗೆ ಹೊರಟ ದಿನ ಚಹಾ ಕಾಯಿಸುವುದು, ಮಗಳಿಗೆ ಜಡೆ ಹಾಕಿ ಶಾಲೆಗೆ ಕಳಿಸುವುದು ಅವರ ಪಾಲು. "ಜಡಿ ಸೊಟ್ಟ ಇರತೈತ್ರಿ. ಆದ್ರ ನೂಲು ಹಿಡಿಯೋ ಕೈ ಅಲ್ಲೇನ್ರಿ, ಗಂಟು ಬಿಚ್ಚಂಗಿಲ್ಲ," ಎಂದು ಸಬೀನಾ ಗಂಡನ ಪರ ವಹಿಸುತ್ತಾರೆ.

ಸಬೀನಾ ಹುಟ್ಟಿದ್ದು ಲಕ್ಷ್ಮೇಶ್ವರದಲ್ಲಿ, ಗಾದಿ ಮಾಡುವ ಮನೆಯಲ್ಲಿ. ತಂದೆ ರಹಮಾನಸಾಬ ಹತ್ತಿ ಹಿಂಜಿ ಗಾದಿ, ದಿಂಬು ಹೊಲಿದು ಐದು ಮಕ್ಕಳನ್ನು ಬೆಳೆಸಿದವರು. ಮನೆಯ ತೊಲೆ, ಮಾಡು, ಅಪ್ಪನ ಹುಬ್ಬು, ಎಲ್ಲದರ ಮೇಲೂ ಹತ್ತಿಯ ಎಳೆ. ಕಲಿಯುವುದರಲ್ಲಿ ಚುರುಕಾಗಿದ್ದ ನಾಲ್ಕನೆಯ ಮಗಳು ಫಿಜಿಯೋಥೆರಪಿ ಓದುತ್ತೇನೆ ಎಂದಾಗ ರಹಮಾನಸಾಬರಿಗೆ ಆ ಹೆಸರೇ ಬಾಯಿಗೆ ಬರಲಿಲ್ಲ. "ಅದೇನ ಕೆಲಸಬೇ ಅಂತ ಕೇಳಿದೆ. ನೋಯೋ ಮೈ ಹಗುರ ಮಾಡೋದು ಅಂದ್ಲು. ಹಂಗಾದ್ರ ನನ್ನ ಕೆಲಸಾನ ಅದು, ನಾ ಗಾದಿಲೆ ಮಾಡ್ತೀನಿ, ನೀ ಕೈಲೆ ಮಾಡ್ತಿ, ಹೋಗು ಅಂದೆ," ಎಂದು ಈಗಲೂ ಅಂಗಡಿಯ ಕಟ್ಟೆಯ ಮೇಲೆ ಕುಳಿತು ಆ ಮುದುಕ ನೆನೆಯುತ್ತಾರೆ. ಡೋಣಿಯ ಭವನದಲ್ಲಿ ಸಾಲಾಗಿ ಇರುವ ದಿಂಬುಗಳೆಲ್ಲ ಅವರು ಹೊಲಿದುಕೊಟ್ಟವು. ಬಸುರಿಯರು ಮಗ್ಗುಲಾಗಿ ಮಲಗುವಾಗ ಮೊಣಕಾಲ ನಡುವೆ ಇಟ್ಟುಕೊಳ್ಳಲಿ ಎಂದು ಉದ್ದಕ್ಕೆ, ಗಟ್ಟಿಯಾಗಿ ತುಂಬಿಸಿದವು.

ಹುಬ್ಬಳ್ಳಿಯಲ್ಲಿ ಪದವಿ ಮುಗಿಸಿದ ಸಬೀನಾ ಮೊದಲು ಸೇರಿದ್ದು ಗದಗಿನ ಎಲುಬು-ಕೀಲಿನ ದವಾಖಾನೆಗೆ. ಅಲ್ಲಿಗೆ ಒಮ್ಮೆ ಶಿರಹಟ್ಟಿಯಿಂದ ಮಂಡಿ ನೋವಿನ ಅತ್ತೆಯನ್ನು ಕರೆದುಕೊಂಡು ಒಬ್ಬ ಸೊಸೆ ಬಂದಳು. ಅತ್ತೆಗೆ ಚಿಕಿತ್ಸೆ ನಡೆಯುವಷ್ಟು ಹೊತ್ತೂ ಎಂಟು ತಿಂಗಳ ಆ ಬಸುರಿ ಕುರ್ಚಿಯಲ್ಲಿ ಕೂರಲಾಗದೆ, ನಿಲ್ಲಲಾಗದೆ, ಗೋಡೆಗೆ ಬೆನ್ನು ಕೊಟ್ಟು ತುಟಿ ಕಚ್ಚುತ್ತಿದ್ದಳು. ಕೈಯಲ್ಲಿ ಅತ್ತೆಯ ಚೀಲ ಬೇರೆ. ನಿಮಗೇನಾಗುತ್ತಿದೆ ಎಂದು ಸಬೀನಾ ಕೇಳಿದರು. ಆಕೆ ತಬ್ಬಿಬ್ಬಾಗಿ ಹಿಂದೆ ಮುಂದೆ ನೋಡಿದಳು. ಪ್ರಶ್ನೆ ತನಗೇ ಎಂದು ಆಕೆಗೆ ಗೊತ್ತಾಗಲೇ ಇಲ್ಲ.

"ಆಕಿ ಮುಖ ಮನಸಿನ್ಯಾಗ ಕುಂತ ಬಿಡ್ತ್ರಿ," ಎನ್ನುತ್ತಾರೆ ಸಬೀನಾ. "ಬಸುರಿ ಅಂದ್ರ ನೋಯ್ತೈತಿ, ಹಡದ ಮ್ಯಾಲ ಹೋಗತೈತಿ ಅಂತ ಎಲ್ಲಾರೂ ಹೇಳ್ತಾರ. ಎಷ್ಟೋ ನೋವು ಮೊದ್ಲ ಕಡಿಮಿ ಮಾಡಾಕ ಬರತೈತಿ. ಅದನ್ನ ಹೇಳವರ ಇಲ್ಲ."

ಮಹಿಳೆಯರ ಆರೋಗ್ಯಕ್ಕೇ ಮೀಸಲಾದ ತರಬೇತಿಯನ್ನು ಹುಡುಕಿಕೊಂಡು ಹೋಗಿ ಕಲಿತು ಬಂದ ಮೇಲೆ ಬೆಟಗೇರಿಯ ಹೆರಿಗೆ ಡಾಕ್ಟರ್ ಮಂಜುಳಾ ತಮ್ಮ ಆಸ್ಪತ್ರೆಯ ಒಂದು ಕೋಣೆಯನ್ನು ಬಿಟ್ಟುಕೊಟ್ಟರು. ಡಾಕ್ಟರ್ ಪರೀಕ್ಷಿಸಿ ಸರಿ ಎನ್ನದೆ ಯಾವ ಬಸುರಿಗೂ ಸಬೀನಾ ವ್ಯಾಯಾಮ ಹೇಳುವುದಿಲ್ಲ. ಆ ಕೋಣೆಗೆ ಈಗ ದಿನಕ್ಕೆ ಹದಿನೈದಿಪ್ಪತ್ತು ಮಂದಿ ಬರುತ್ತಾರೆ. ಬೆನ್ನು ಹಿಡಿದವರು, ಕಾಲು ಸೆಳೆತದವರು, ಮೊದಲ ಹೆರಿಗೆಯ ಹೆದರಿಕೆಯವರು. ಹೆರಿಗೆಯ ಬ್ಯಾನಿ ಬಂದಾಗ ಹೇಗೆ ನಿಲ್ಲಬೇಕು, ಗೋಡೆಗೋ ಗಂಡನ ಹೆಗಲಿಗೋ ಹೇಗೆ ಒರಗಬೇಕು, ಉಸಿರನ್ನು ಹೇಗೆ ಉದ್ದಕ್ಕೆ ಬಿಡಬೇಕು, ಎಲ್ಲವನ್ನೂ ಅಲ್ಲಿ ಮೊದಲೇ ಮಾಡಿ ನೋಡುತ್ತಾರೆ.

ಪಟ್ಟಣದ್ದಾಯಿತು, ಹಳ್ಳಿಯವರು ಎಂಟು ತಿಂಗಳು ನೋವು ತಿಂದು ಕೊನೆಗೆ ಬರುತ್ತಾರಲ್ಲ ಎಂಬ ಕೊರಗು ಸಬೀನಾರನ್ನು ಡೋಣಿಗೆ ಕರೆತಂದಿತು. ಊರಿನ ಆಶಾ ಕಾರ್ಯಕರ್ತೆ ಮಾಸುಮಬಿ ಭವನದ ಕೀಲಿ ಕೊಡಿಸಿದರು, ಮನೆಮನೆಗೆ ಖಬರು ಮುಟ್ಟಿಸಿದರು. ಮೊದಲ ದಿನ ಬಂದವರು ಒಬ್ಬರೇ, ಮಾಳವ್ವ. ಅವರೂ ಬಂದದ್ದು ಜಗಳಕ್ಕೆ.

"ಬಸುರಿ ಹೆಣ್ಮಕ್ಕಳ ಕೈಲೆ ಕಸರತ್ತ ಮಾಡಸ್ತಿಯಂತಲ್ಲ. ಇದೇನ ಗರಡಿಮನಿ ಅಂದ್ಕೊಂಡಿ? ನಾ ಐದು ಹಡದೀನಿ. ಹಡಿಯೋ ದಿನಾನೂ ಹೊಲದಾಗ ಸದಿ, ಕಸಾ ಕಿತ್ತೀನಿ. ನನಗ ಯಾರ ಕಲಿಸಿದ್ರು? ಏನರ ಹೆಚ್ಚು ಕಡಿಮಿ ಆದ್ರ ನೀ ಬರ್ತಿಯೇನ? ನಾಳಿಂದ ಈ ಬಾಗಲಾ ತಗೀಬ್ಯಾಡ."

ಊರಲ್ಲಿ ಮಾಳವ್ವನ ಮಾತಿಗೆ ತೂಕವಿತ್ತು. ಅವರು ಬೇಡ ಎಂದ ಮೇಲೆ ಯಾವ ಸೊಸೆ ಹೊಸಿಲು ದಾಟಿಯಾಳು? 'ಬಸುರ್ಯಾರ ಗರಡಿಮನಿ' ಎಂಬ ಹೆಸರು ಮಾತ್ರ ಊರೆಲ್ಲ ಹಬ್ಬಿತು. ಚಹಾದ ಅಂಗಡಿಯಲ್ಲಿ ಗಂಡಸರು ಸಬೀನಾರ ಸ್ಕೂಟರ್ ಕಂಡರೆ ತೊಡೆ ತಟ್ಟಿ ನಕ್ಕರು. ಮುಂದಿನ ವಾರಗಳಲ್ಲೂ ಭವನ ಖಾಲಿ. ಸಬೀನಾ ಕೌದಿ ಹಾಸುವುದು, ಮಾಸುಮಬಿಯ ಜೊತೆ ಸ್ವಲ್ಪ ಹೊತ್ತು ಕೂರುವುದು, ಮಡಚಿಟ್ಟು ಹೊರಡುವುದು. ಇನ್ನು ಸಾಕು ಎಂದು ಲಕ್ಷ್ಮೇಶ್ವರಕ್ಕೆ ಹೋದಾಗ ತಂದೆಯ ಮುಂದೆ ಹೇಳಿಕೊಂಡರು.

ರಹಮಾನಸಾಬ ಕೈಯ ಕೆಲಸ ನಿಲ್ಲಿಸದೆ ಕೇಳಿದರು. "ಹತ್ತಿ ಗಂಟು ಕಟ್ಟಿದ್ರ ಒದರಿ ಏನ ಮಾಡ್ತಿ? ಕುಂತು ಬಿಡಸಬೇಕು. ಹರದ್ರ ಎಳಿ ಹಾಳಾಗತಾವ."

ಗಂಟು ಬಿಡಿಸುವ ದಿನ ತಾನಾಗಿಯೇ ಬಂತು, ಅದೂ ಮಾಳವ್ವನ ಮನೆಯಿಂದಲೇ. ಮಾಳವ್ವನ ಸೊಸೆ ವಿದ್ಯಾಶ್ರೀ ಎರಡನೆಯ ಸಲ ಬಸುರಿಯಾಗಿದ್ದಳು. ಆರನೆಯ ತಿಂಗಳಲ್ಲಿ ಟೊಂಕದ ಕೆಳಗೆ, ತೊಡೆಸಂದಿಯಲ್ಲಿ ನೋವು ಶುರುವಾಯಿತು. ಮೊದಮೊದಲು ಮೆಟ್ಟಿಲು ಹತ್ತುವಾಗ, ಆಮೇಲೆ ಹಾಸಿಗೆಯಲ್ಲಿ ಹೊರಳುವಾಗ, ಕೊನೆಕೊನೆಗೆ ಒಂದು ಕಾಲು ಎತ್ತಿ ಇನ್ನೊಂದರ ಮೇಲೆ ಭಾರ ಬಿಟ್ಟರೆ ಸಾಕು, ಚಾಕು ಹಾಕಿದಂತೆ. ಕೂಸು ಚೆನ್ನಾಗಿದೆ ಎಂದು ಸ್ಕ್ಯಾನಿಂಗ್‌ನಲ್ಲಿ ಬಂದಿತ್ತು. ಹಾಗಾದರೆ ಈ ನರಳಾಟ ಯಾಕೆ? ಕೆಲಸಗಳ್ಳತನ ಎಂದು ಮಾಳವ್ವ ತೀರ್ಮಾನ ಕೊಟ್ಟುಬಿಟ್ಟರು.

ಒಂದು ಬೆಳಗ್ಗೆ ವಿದ್ಯಾಶ್ರೀ ಬಚ್ಚಲಿಗೆ ಅಂಬೆಗಾಲಿಟ್ಟು ಹೋಗುತ್ತಿದ್ದಳು. ಅವಳ ಮೂರು ವರ್ಷದ ಮಗ ಅವ್ವ ಆಟ ಆಡುತ್ತಿದ್ದಾಳೆಂದು ತಾನೂ ಅವಳ ಹಿಂದೆ ಅಂಬೆಗಾಲಿಟ್ಟು ನಡೆದಿದ್ದ. ಎತ್ತಿಗೆ ಮೇವು ಹಾಕಿ ಒಳಬಂದ ಗಂಡ ಮಾಳಿಂಗರಾಯ ಅದನ್ನು ಕಂಡವನೇ ತಾಯಿಯನ್ನು ಒಂದು ಮಾತೂ ಕೇಳದೆ ಮಾಸುಮಬಿಯ ಮನೆಗೆ ಹೋದ. "ಆ ಗರಡಿ ಬಾಯಾರ್ನ ಕರಸ್ರಿ," ಎಂದ.

ಬೆಟಗೇರಿಗೆ ಕರೆದೊಯ್ದಾಗ ಡಾಕ್ಟರ್ ಮಂಜುಳಾ ಪರೀಕ್ಷಿಸಿದರು. ಕೂಸಿಗೇನೂ ತೊಂದರೆ ಇರಲಿಲ್ಲ. ಮಗು ಬೆಳೆದಂತೆ ಸೊಂಟದ ಕೀಲುಗಳು ಸಡಿಲಾಗುತ್ತವೆ, ಕೆಲವರಿಗೆ ಅದು ತಡೆಯಲಾರದ ನೋವಾಗುತ್ತದೆ. ಸಬೀನಾ ಮರುದಿನವೇ ಮಾಳವ್ವನ ಮನೆಯ ಪಡಸಾಲೆಯಲ್ಲಿದ್ದರು. ಮಾಳವ್ವ ಮುಖ ತಿರುಗಿಸಿ ಒಳಬಾಗಿಲಲ್ಲಿ ಕುಳಿತರು.

ಸಬೀನಾ ವಾದಕ್ಕೆ ಇಳಿಯಲಿಲ್ಲ. "ಯವ್ವಾ, ಸ್ವಲ್ಪ ಇಲ್ಲಿ ಬರ್ರಿ. ನನ್ನ ಕೈ ಸಾಲಂಗಿಲ್ಲ, ನಿಮ್ಮ ಕೈ ಬೇಕು," ಎಂದರು. ಎಷ್ಟೋ ವರ್ಷ ಕುಡುಗೋಲು, ಕುಂಟೆ ಹಿಡಿದ ಕೈ. ಸಬೀನಾ ಅವರ ಎರಡೂ ಅಂಗೈಗಳನ್ನು ಸೊಸೆಯ ಸೊಂಟದ ಎರಡು ಪಕ್ಕಕ್ಕೆ ಇಡಿಸಿ, ಒಳಮುಖವಾಗಿ ಒತ್ತಿ ಹಿಡಿಯಲು ಹೇಳಿದರು. ಮಾಳವ್ವ ಒತ್ತಿದರು. ವಾರಗಟ್ಟಲೆ ಗಂಟಿಕ್ಕಿಕೊಂಡಿದ್ದ ವಿದ್ಯಾಶ್ರೀಯ ಮುಖ ಮೆಲ್ಲಗೆ ಸಡಿಲಾಯಿತು. ಕಣ್ಣು ಮುಚ್ಚಿದಳು. "ಅತ್ತಿ, ಹಂಗ ಹಿಡಕೋರಿ. ಬಿಡಬ್ಯಾಡ್ರಿ," ಎಂದಳು.

ಮಾಳವ್ವ ಬಿಡಲಿಲ್ಲ. ತೋಳು ಸೋಲುವವರೆಗೂ ಹಿಡಿದೇ ಇದ್ದರು. ಆಮೇಲೆ ಸೊಸೆಯ ಬೆನ್ನಿಗೆ ಎಂಬಂತೆ ಹೇಳಿದರು, "ಖರೇನ ನೋಯ್ತಿತ್ತಲ್ಲಲೇ."

ಆ ಕೈಗಳು ಮಾಡಿದ ಕೆಲಸವನ್ನು ದಿನವಿಡೀ ಮಾಡಲು ಸಬೀನಾ ಸೊಂಟದ ಸುತ್ತ ಒಂದು ಅಗಲ ಪಟ್ಟಿ ಕಟ್ಟಿದರು. ಲಂಗ ಹಾಕಿಕೊಳ್ಳುವಾಗ ಕೂತುಕೊಂಡೇ ಕಾಲು ತೂರಿಸು, ಸಣ್ಣ ಹೆಜ್ಜೆ ಇಡು, ಒಂದು ಕಾಲ ಮೇಲೆ ನಿಲ್ಲಬೇಡ, ಮಗನನ್ನು ಟೊಂಕದ ಮೇಲೆ ಎತ್ತಿಕೊಳ್ಳಬೇಡ, ಮಲಗುವಾಗ ಮೊಣಕಾಲ ನಡುವೆ ದಿಂಬಿರಲಿ. ಜೊತೆಗೆ ಸೊಂಟ, ಪಕ್ಕೆಗಳನ್ನು ಬಲಪಡಿಸುವ ಸಣ್ಣ ಸಣ್ಣ ವ್ಯಾಯಾಮ. ನೀರು ತರುವ ಕೆಲಸ ಮಾಳಿಂಗರಾಯನ ಪಾಲಿಗೆ ಬಂತು. ನೋವು ಒಂದೇ ದಿನಕ್ಕೆ ಹೋಗಲಿಲ್ಲ, ಪೂರ್ತಿ ಎಂದೂ ಹೋಗಲಿಲ್ಲ. ಆದರೆ ಎಂಟನೆಯ ತಿಂಗಳು ಹಿಡಿದಾಗ ವಿದ್ಯಾಶ್ರೀ ಮನೆಯಿಂದ ಸಮುದಾಯ ಭವನದವರೆಗೆ, ಚಹಾದ ಅಂಗಡಿಯ ಮುಂದಿನಿಂದಲೇ, ತನ್ನ ಕಾಲ ಮೇಲೆ ನಡೆದು ಬಂದಳು. ಹಿಂದೆ ದಿಂಬು ಹೊತ್ತುಕೊಂಡು ಮಾಳವ್ವ. ಅಂಗಡಿಯಲ್ಲಿ ಯಾರೂ ತೊಡೆ ತಟ್ಟಲಿಲ್ಲ. ಮರುವಾರ ಭವನದಲ್ಲಿ ಕೌದಿ ಸಾಲದಾಯಿತು.

ಹೆರಿಗೆ ಬೆಟಗೇರಿಯಲ್ಲಾಯಿತು. ಕಾಲು ಹೆಚ್ಚು ಅಗಲಿಸಿದರೆ ಕೀಲಿಗೆ ಪೆಟ್ಟಾದೀತೆಂದು, ನೋವಿಲ್ಲದೆ ಎಷ್ಟು ಅಗಲಿಸಬಹುದು ಎಂಬುದನ್ನು ಸಬೀನಾ ಮೊದಲೇ ನೋಡಿ ಡಾಕ್ಟರಿಗೂ ನರ್ಸುಗಳಿಗೂ ಹೇಳಿಟ್ಟಿದ್ದರು. ಮಗ್ಗುಲಾಗಿ ಮಲಗಿಸಿಯೇ ಹೆರಿಗೆ ಮಾಡಿಸೋಣ ಎಂದು ಡಾಕ್ಟರ್ ಮಂಜುಳಾ ಒಪ್ಪಿದ್ದರು. ಬ್ಯಾನಿ ಏರಿದಂತೆ ವಿದ್ಯಾಶ್ರೀ ಗೋಡೆಗೆ ಮೊಣಕೈ ಊರಿ ತೂಗಿದಳು, ಮೊಣಕಾಲೂರಿ ದಿಂಬು ತಬ್ಬಿದಳು. ಮಧ್ಯಾಹ್ನದ ಹೊತ್ತಿಗೆ ಧೈರ್ಯ ಸೋರಿಹೋಯಿತು. "ನನ್ನ ಕೈಲೆ ಆಗಂಗಿಲ್ರಿ. ಕೊಯ್ದು ತಗದ ಬಿಡ್ರಿ," ಎಂದು ಅತ್ತಳು.

ಸಬೀನಾ ಬಾಯಿ ತೆರೆಯುವ ಮುಂಚೆಯೇ ತಲೆಯ ಬಳಿ ನಿಂತಿದ್ದ ಮಾಳವ್ವ ಬಾಗಿದರು. "ಇಲ್ಲಿ ನೋಡು ತಂಗಿ, ನನ್ನ ಮುಖಾ ನೋಡು. ಮುಂದ ದೀಪ ಐತಿ ಅಂತ ತಿಳಕೊ. ಉಸುರು ಬಿಡು. ದೀಪ ಆರಬಾರದು, ಬರೇ ಅಲಗಾಡಬೇಕು. ಹಾಂ, ಹಂಗ. ಇನ್ನೊಮ್ಮಿ." ಭವನದಲ್ಲಿ ಸಬೀನಾ ಕಲಿಸಿದ ಮಾತುಗಳು, ಮಾಳವ್ವನ ಬಾಯಲ್ಲಿ. ಸಬೀನಾ ಒಂದು ಹೆಜ್ಜೆ ಹಿಂದೆ ಸರಿದು ವಿದ್ಯಾಶ್ರೀಯ ಸೊಂಟ ಒತ್ತುವ ಕೆಲಸವನ್ನಷ್ಟೇ ಇಟ್ಟುಕೊಂಡರು. ಅತ್ತೆ ಸೊಸೆ ಇಬ್ಬರೂ ಒಂದೇ ಉಸಿರಿನಲ್ಲಿ ಊದುತ್ತಾ ಊದುತ್ತಾ, ಸಂಜೆಯ ಬಿಸಿಲು ಕಿಟಕಿಯಲ್ಲಿ ಇಳಿಯುವಾಗ ಹೆಣ್ಣು ಕೂಸು ಹುಟ್ಟಿತು. ಮೂಲೆ ಮೂಲೆಗೂ ಕೇಳುವಂತೆ ಅತ್ತಿತು. ಮರುದಿನ ವಿದ್ಯಾಶ್ರೀ ಆಸ್ಪತ್ರೆಯ ಪಡಸಾಲೆಯಲ್ಲಿ ನಿಧಾನಕ್ಕೆ ನಡೆದಳು. ಮಗ ಅವಳ ಪಕ್ಕದಲ್ಲಿ ನೆಟ್ಟಗೆ ನಡೆದ.

ಎಲ್ಲ ಹೆರಿಗೆಯೂ ಹೀಗೆ ಆಗುವುದಿಲ್ಲ ಎನ್ನುವುದನ್ನು ಸಬೀನಾ ಒತ್ತಿ ಹೇಳುತ್ತಾರೆ. ಹಿರೇವಡ್ಡಟ್ಟಿಯ ಒಬ್ಬಾಕೆ ತಪ್ಪದೆ ತರಗತಿಗೆ ಬಂದೂ ಕೊನೆಗೆ ಸಿಸೇರಿಯನ್ ಆಗಿ, ನಾನು ಸೋತೆ ಎಂದು ಅತ್ತಿದ್ದಳು. "ಆಕಿಗೆ ಹೇಳಿದೆ, ಇದು ಪರೀಕ್ಷಾ ಅಲ್ಲ ಯವ್ವಾ, ಪಾಸು ನಪಾಸು ಇಲ್ಲ. ನೀನೂ ಕೂಸೂ ಆರಾಮ ಅದೀರಿ, ಗೆದ್ದಂಗ ಆತು. ಕೆಮ್ಮುವಾಗ ಹೊಲಿಗಿ ಮ್ಯಾಲ ದಿಂಬು ಹಿಡಕೊ, ನಾಳಿಂದ ಸಾವಕಾಶ ನಡಿಯೋದು ಕಲಿಯೋಣ ಅಂದೆ. ವ್ಯಾಯಾಮ ಮಾಡಿದ್ರ ನಾರ್ಮಲ್ ಆಗೇ ತೀರತೈತಿ ಅಂತ ಹೇಳವರು ಸುಳ್ಳು ಹೇಳ್ತಾರ್ರಿ."

ಡೋಣಿಯ ದೊಡ್ಡ ಗೆಲುವು ಹೆರಿಗೆ ಕೋಣೆಯಲ್ಲಿ ಆಗಲಿಲ್ಲ, ಅದಾದ ಎರಡು ತಿಂಗಳಿಗೆ ಆಯಿತು. ಬಾಣಂತಿ ವಿದ್ಯಾಶ್ರೀಗೆ ಸಬೀನಾ ಒಳಗಿನ ಸ್ನಾಯುಗಳ ವ್ಯಾಯಾಮ ಕಲಿಸುತ್ತಿದ್ದರು. ಗರ್ಭಚೀಲ, ಮೂತ್ರಚೀಲ ಎಲ್ಲವನ್ನೂ ಕೆಳಗಿನಿಂದ ಜೋಳಿಗೆಯ ಹಾಗೆ ಹಿಡಿದಿರುವ ಸ್ನಾಯು ಅದು. ಹೆರಿಗೆಯಲ್ಲಿ ಸಡಿಲಾದ ಜೋಳಿಗೆಯನ್ನು ಬಿಗಿ ಹಿಡಿದು, ಬಿಟ್ಟು, ಮತ್ತೆ ಹಿಡಿದು ಗಟ್ಟಿ ಮಾಡಬೇಕು. ಇಲ್ಲವಾದರೆ ಕೆಮ್ಮಿದರೆ, ನಕ್ಕರೆ, ಕೊಡ ಎತ್ತಿದರೆ ಮೂತ್ರ ಜಿನುಗುತ್ತದೆ. ಇದನ್ನು ಬಾಗಿಲಲ್ಲಿ ಕೂತು ಕೇಳಿದ ಮಾಳವ್ವ, ಸಬೀನಾ ಹೊರಟಾಗ ಸ್ಕೂಟರಿನವರೆಗೂ ಹಿಂದೆಯೇ ಬಂದರು. ಆ ಕಡೆ ಈ ಕಡೆ ನೋಡಿ ದನಿ ತಗ್ಗಿಸಿದರು.

"ಈ ಕಸರತ್ತ ಮುದುಕ್ಯಾರಿಗೂ ಆಗತೈತೇನವಾ?"

ಕೊನೆಯ ಮಗು ಹೆತ್ತಂದಿನಿಂದ ಮಾಳವ್ವನಿಗೆ ಈ ತೊಂದರೆ ಇತ್ತು. ವಯಸ್ಸಾದಂತೆ ಹೆಚ್ಚಾಯಿತು. ಆವರೆಗಿನ ಹತ್ತು ವರ್ಷಗಳಲ್ಲಿ ಅವರು ಬಸ್ಸನ್ನೇ ಹತ್ತಿರಲಿಲ್ಲ. ರಸ್ತೆಯ ಕುಲುಕಾಟಕ್ಕೆ ಸೀರೆ ಒದ್ದೆಯಾಗಿ ಜನರ ನಡುವೆ ಮಾನ ಹೋದೀತೆಂಬ ಭಯ. ಹರ್ತಿಗೆ ಕೊಟ್ಟ ಮಗಳ ಮನೆಯಲ್ಲಿ ಮೊಮ್ಮಗನ ತೊಟ್ಟಿಲ ಕಾರ್ಯಕ್ಕೂ ಮಂಡಿ ನೋವೆಂದು ನೆಪ ಹೇಳಿ ಹೋಗಿರಲಿಲ್ಲ. ತವರಿನವರು ತನ್ನನ್ನು ಮರೆತರೆಂದು ಮಗಳು ಮುನಿಸಿಕೊಂಡು ಮಾತು ಬಿಟ್ಟಿದ್ದಳು. ಸೊಸೆಯ ಹೆರಿಗೆಗೂ ಮಾಳವ್ವ ಬೆಟಗೇರಿಗೆ ಬಂದದ್ದು ಮಾಳಿಂಗರಾಯ ಗೊತ್ತು ಮಾಡಿದ ಬಾಡಿಗೆ ಗಾಡಿಯಲ್ಲಿ, ಎರಡು ಕಡೆ ನಿಲ್ಲಿಸಿಕೊಂಡು. ಈ ಗುಟ್ಟು ಗಂಡನಿಗಾಗಲಿ ಮಕ್ಕಳಿಗಾಗಲಿ ಗೊತ್ತಿರಲಿಲ್ಲ.

"ಬರೀರಿ, ನನ್ನ ಹೆಸರ ಹಾಕೇ ಬರೀರಿ," ಎನ್ನುತ್ತಾರೆ ಈಗ ಮಾಳವ್ವ. "ಮುಚ್ಚಿಟ್ಟ ಹತ್ತೊರ್ಷ ಕಳಕೊಂಡೀನಿ. ಓದಿದಾಕಿ ಯಾವಾಕ್ಯರ ಒಬ್ಬಾಕಿ ಬಸ್ಸು ಹತ್ತಿದ್ರ ಸಾಕು."

ಡಾಕ್ಟರ್ ಮಂಜುಳಾ ನೋಡಿ ಬೇರೇನೂ ಕಾಯಿಲೆ ಇಲ್ಲವೆಂದ ಮೇಲೆ ಮಾಳವ್ವನ ವ್ಯಾಯಾಮ ಶುರುವಾಯಿತು. ರೊಟ್ಟಿ ಬಡಿಯುತ್ತಾ, ಎಮ್ಮೆ ಹಿಂಡುತ್ತಾ, ಕಟ್ಟೆಯ ಮೇಲೆ ನೆರೆಯವರೊಡನೆ ಹರಟುತ್ತಾ, ಯಾರಿಗೂ ಕಾಣದಂತೆ ಒಳಗೊಳಗೇ ಬಿಗಿ ಹಿಡಿದರು, ಬಿಟ್ಟರು. ಮೊದಲ ತಿಂಗಳು ಏನೂ ಆಗಲಿಲ್ಲ, ಸಬೀನಾರನ್ನು ಬೈದರು. ಸುಗ್ಗಿ ಮುಗಿಯುವ ಹೊತ್ತಿಗೆ ಕೆಮ್ಮು ಬಂದರೆ ಹೆದರಿಕೆ ಬರುವುದು ನಿಂತಿತ್ತು. ಯುಗಾದಿಯ ಮರುದಿನ ಮಾಳವ್ವ ಹೊಸ ಇಳಕಲ್ ಸೀರೆ ಉಟ್ಟು, ಕರಿಗಡಬಿನ ಬುತ್ತಿ ಕಟ್ಟಿಕೊಂಡು ಒಬ್ಬರೇ ಬಸ್ಸು ಹತ್ತಿದರು. ಗದಗಿನಲ್ಲಿ ಇಳಿದು ಇನ್ನೊಂದು ಬಸ್ಸು ಹಿಡಿದರು. ಹರ್ತಿಯಲ್ಲಿ ಇಳಿದು ಸೆರಗು, ನಿರಿಗೆ ಮುಟ್ಟಿ ನೋಡಿಕೊಂಡರು. ಒಣಗಿತ್ತು. ನಡುದಾರಿಯಲ್ಲಿ ನಿಂತು ಒಬ್ಬರೇ ನಕ್ಕರಂತೆ.

ಅಂಗಳದಲ್ಲಿ ಜೋಳ ಹಸನು ಮಾಡುತ್ತಿದ್ದ ಮಗಳು ಮೊರ ಹಿಡಿದೇ ಎದ್ದು ನಿಂತಳು. ಬಸ್ಸಿನಲ್ಲಿ ಬಂದೆಯಾ ಎಂದು ಕೇಳಿದಳು. ಮಾಳವ್ವ ಅವಳನ್ನು ಒಳಗೆ ಕರೆದುಕೊಂಡು ಹೋಗಿ, ಬಾಗಿಲು ಮುಂದೆ ಮಾಡಿ, ಹತ್ತು ವರ್ಷದ ಕಾರಣವನ್ನು ಹೇಳಿದರು. ಮಗಳು ಬಹಳ ಹೊತ್ತು ಅತ್ತಳು. ಅತ್ತು ಮುಗಿಸಿ, "ಯವ್ವಾ, ನನಗೂ ಕಲಸು," ಎಂದಳು. ತನ್ನ ಮಗ ಹುಟ್ಟಿದಾಗಿನಿಂದ ಅವಳಿಗೂ ಅದೇ ತೊಂದರೆ ಇತ್ತು.

ಈಗ ಹರ್ತಿಯಿಂದಲೂ ಸಬೀನಾರಿಗೆ ಕರೆ ಬಂದಿದೆ. ಮುಂಡರಗಿಯಿಂದ, ಶಿರಹಟ್ಟಿಯ ಕಡೆಯ ಹಳ್ಳಿಗಳಿಂದಲೂ. ಎಲ್ಲ ಕಡೆ ಒಬ್ಬರೇ ಓಡಾಡುವುದು ಆಗದ ಮಾತು ಎಂದು ಪ್ರತಿ ಊರಲ್ಲೂ ಆಶಾ ಕಾರ್ಯಕರ್ತೆಯರಿಗೆ ಕಲಿಸತೊಡಗಿದ್ದಾರೆ. ಯಾವ ನೋವಿಗೆ ಏನು ಮಾಡಬೇಕು, ಯಾವ ಲಕ್ಷಣ ಕಂಡರೆ ವ್ಯಾಯಾಮ ನಿಲ್ಲಿಸಿ ನೆಟ್ಟಗೆ ಡಾಕ್ಟರ ಬಳಿ ಓಡಬೇಕು ಎಂಬುದು ಮೊದಲ ಪಾಠ. ಸಬೀನಾ ಬಾರದ ದಿನವೂ ಡೋಣಿಯಲ್ಲಿ ಮಾಸುಮಬಿ ತರಗತಿ ನಡೆಸುತ್ತಾರೆ. ಒಳಗೆ ಬಸುರಿಯರು, ಹೊರಗಿನ ಕಟ್ಟೆಯ ಮೇಲೆ ಮಾಳವ್ವನ ಓರಗೆಯ ಮುದುಕಿಯರ ಇನ್ನೊಂದು ತರಗತಿ.

ಇವತ್ತಿನ ತಾಸು ಮುಗಿದಿದೆ. ಹೆಂಗಸರು ಕೌದಿ ಝಾಡಿಸಿ ಮಡಚುತ್ತಿದ್ದಾರೆ. ಬೆಟಗೇರಿಯಲ್ಲಿ ಹತ್ತು ಗಂಟೆಗೆ ಮೊದಲ ಬಸುರಿ ಕಾಯುತ್ತಿರುತ್ತಾಳೆ, ಸಬೀನಾ ಹೊರಡುವ ಗಡಿಬಿಡಿಯಲ್ಲಿದ್ದಾರೆ. ಇಷ್ಟೆಲ್ಲ ಮಾಡಿ ಇನ್ನೇನು ಆಸೆ ಉಳಿದಿದೆ ಎಂದು ಕೇಳಿದರೆ ಹೆಲ್ಮೆಟ್ ಕೈಯಲ್ಲಿ ಹಿಡಿದೇ ಉತ್ತರಿಸುತ್ತಾರೆ.

"ದೊಡ್ಡದೇನಿಲ್ರಿ. ಹಡದ ಮನಿಗೆ ಬಂದವರು ಎಲ್ಲಾರೂ ಮೊದ್ಲ ಗಂಡೋ ಹೆಣ್ಣೋ ಅಂತ ಕೇಳ್ತಾರ. ಆಮ್ಯಾಲ ಕೂಸಿನ ತೂಕ ಕೇಳ್ತಾರ. ಹಡದಾಕಿನ್ನ ಯಾರೂ ಕೇಳಂಗಿಲ್ಲ. ಒಬ್ಬರರ ಆಕಿ ಕಡೆ ಹೊಳ್ಳಿ, ನೀ ಹೆಂಗದೀವಾ, ಎಲ್ಲಿ ನೋಯ್ತೈತಿ ಅಂತ ಕೇಳಬೇಕು." ಹೆಲ್ಮೆಟ್ ಹಾಕಿಕೊಂಡು ಪಟ್ಟಿ ಬಿಗಿಯುತ್ತಾರೆ. "ಡೋಣ್ಯಾಗ ಈಗ ಕೇಳಾಕತ್ತಾರ್ರಿ."